ಸಾರ, ಕಷಾಯ, ಔಷಧ: ದುರ್ವಾಸನೆಯ ಮರದ ಪಾಠ

‘ಕಾಡುಗಿಡದ ಸಾರಕ್ಕೆ ಕ್ಯಾನ್ಸರ್ ನಿರೋಧಕ ಸಾಮರ್ಥ್ಯವಿದೆ’ ಎಂಬ ಸಂಶೋಧನಾ ವಾಕ್ಯವು ಎಷ್ಟೋ ಸಲ ಪತ್ರಿಕೆಯ ತಲೆಬರಹಕ್ಕೆ ಬರುವಷ್ಟರಲ್ಲಿ ‘ಕಾಡುಗಿಡ ಕ್ಯಾನ್ಸರನ್ನು ಗುಣಪಡಿಸುತ್ತದೆ’ ಎಂದಾಗಿರುತ್ತದೆ. ನಾಮಪದವೊಂದು ಹೀಗೆ ಕ್ರಿಯಾಪದವಾದುದನ್ನು ನಂಬಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವ ರೋಗಿಗೆ ಅದು ಪ್ರಾಣದ ಪ್ರಶ್ನೆ. ಅನುವಾದವನ್ನು ಅಭ್ಯಸಿಸುವ ಕನ್ನಡ ವಿದ್ಯಾರ್ಥಿಗಳು ಆ ಎರಡು ವಾಕ್ಯಗಳ ನಡುವಿನ ದೂರವನ್ನು ಅರಿತಿರಬೇಕು.

ಪ್ರಯೋಗಾಲಯದ ಸಾರವು ನಾವು ಬಲ್ಲ ಕಷಾಯವಲ್ಲ. ಒಣಗಿಸಿ ಪುಡಿಮಾಡಿದ ಎಲೆ, ತೊಗಟೆ ಅಥವಾ ಬೇರನ್ನು ಬಹುಸಲ ಮೆಥನಾಲಿನಂತಹ ದ್ರಾವಕದಲ್ಲಿ ನೆನೆಯಿಟ್ಟು, ದ್ರಾವಕವನ್ನು ಆವಿಯಾಗಿಸಿ ಉಳಿಸಿಕೊಂಡ ವಸ್ತು ಅದು. (ಕ್ಷೇತ್ರಕಾರ್ಯದಲ್ಲಿ ಗಿಡಗಳ ಹೆಸರನ್ನು ಸಂಗ್ರಹಿಸುವವರು ಮದ್ದನ್ನು ನೀರಿನಲ್ಲಿ ಕುದಿಸಿದರೋ ಎಣ್ಣೆಯಲ್ಲಿ ಕಾಯಿಸಿದರೋ ಎಂಬುದನ್ನೂ ಬರೆದುಕೊಳ್ಳಬೇಕಾದುದು ಇದಕ್ಕಾಗಿಯೇ.) ಈ ಸಾರವನ್ನು ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಬೆರೆಸಿದಾಗ ಬಣ್ಣ ಹಳದಿಗೆ ತಿರುಗಿದರೆ ಉತ್ಕರ್ಷಣ ನಿರೋಧಕ, ಅಂದರೆ ಆ್ಯಂಟಿಆಕ್ಸಿಡೆಂಟ್, ಗುಣವಿದೆಯೆಂದು ಎಣಿಸುತ್ತಾರೆ. ಕ್ಯಾನ್ಸರ್ ಕೋಶಗಳ ಪರೀಕ್ಷೆಯಲ್ಲಿ ಬಣ್ಣದ ನಡೆ ತಿರುವುಮುರುವು: ಎಂಟಿಟಿ ಎಂಬ ಹಳದಿ ವಸ್ತುವನ್ನು ಜೀವಂತ ಕೋಶಗಳು ನೇರಳೆಯಾಗಿಸುತ್ತವೆ, ನೇರಳೆ ತಗ್ಗಿದಷ್ಟೂ ಬದುಕುಳಿದ ಕೋಶಗಳು ಕಡಿಮೆಯೆಂದು ಲೆಕ್ಕ. ಇಲ್ಲೊಂದು ತೊಡಕುಂಟು. ಸಸ್ಯದ ಪಾಲಿಫಿನಾಲುಗಳು ಕೋಶಗಳ ಹಂಗಿಲ್ಲದೆ ತಾವೇ ಎಂಟಿಟಿಯನ್ನು ನೇರಳೆಯಾಗಿಸಬಲ್ಲವು. ಆದ್ದರಿಂದ ಕೋಶಗಳಿಲ್ಲದೆ ಸಾರವೊಂದನ್ನೇ ಇಟ್ಟು ಹೋಲಿಸಿ ನೋಡದ ಪ್ರಬಂಧವನ್ನು ಎಚ್ಚರದಿಂದ ಓದಬೇಕು. ಅಲ್ಲದೆ ತಟ್ಟೆಯಲ್ಲಿರುವ ಕೋಶಗಳನ್ನು ಕೊಲ್ಲಲು ಮದ್ಯಸಾರವೂ ಸಾಕು. ಆರೋಗ್ಯವಂತ ಕೋಶಗಳು ಉಳಿದವೇ ಎಂಬುದನ್ನು ಕೇಳಬೇಕು.

ಉತ್ಕರ್ಷಣ ನಿರೋಧಕವಾದುದೆಲ್ಲ ಕ್ಯಾನ್ಸರ್ ನಿರೋಧಕವೆಂಬ ಸಮೀಕರಣವೂ ನಿಲ್ಲದು. ಫಿನ್ಲೆಂಡಿನ 29,133 ಮಂದಿ ಧೂಮಪಾನಿ ಪುರುಷರನ್ನು ಕುರಿತ, 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಟಾ ಕ್ಯಾರೊಟಿನ್ ಗುಳಿಗೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿ ಕಂಡುಬಂದಿತು.

ಹಾಗೆಂದು ಕಾಡನ್ನು ಅರಸಿ ಹೋದವರೆಲ್ಲ ಬರಿಗೈಯಲ್ಲಿ ಮರಳಿಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಹೂವಿನ ಕೆಟ್ಟ ನಾತಕ್ಕೆ ಹೆಸರಾದ ದುರ್ವಾಸನೆಯ ಮರವಿದೆ. ಮರಾಠಿಯಲ್ಲಿ ನರಕ್ಯಾ, ಸಸ್ಯಶಾಸ್ತ್ರದಲ್ಲಿ ನೋಥಾಪೊಡೈಟಿಸ್ ನಿಮ್ಮೋನಿಯಾನಾ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೇ ವಸ್ತು ನಮ್ಮ ಮರದಲ್ಲಿಯೂ ಇದೆಯೆಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಚೀನೀಯರು ತಮ್ಮದನ್ನು ಸಂತಸದ ಮರವೆಂದರು, ನಾವು ನಮ್ಮದನ್ನು ದುರ್ವಾಸನೆಯ ಮರವೆಂದೆವು. ಒಳಗಿನ ಅಣು ಮಾತ್ರ ಒಂದೇ.

ಆ ಅಣು ನೀರಿನಲ್ಲಿ ಬಹುತೇಕ ಕರಗದು. ಕಷಾಯದ ಆಸೆ ಅಲ್ಲಿಗೆ ಮುಗಿಯಿತು. ಕರಗಲೆಂದು ಸೋಡಿಯಂ ಲವಣವಾಗಿ ಮಾರ್ಪಡಿಸಿ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದ ರಕ್ತಸ್ರಾವದಂತಹ ತೀವ್ರ ಬಾಧೆಗಳು ಕಾಣಿಸಿಕೊಂಡು ಪ್ರಯೋಗ ನಿಂತಿತು. ಅದು ಟೋಪೊಐಸೊಮರೇಸ್-1 ಎಂಬ ಕಿಣ್ವವನ್ನು ಡಿಎನ್‌ಎಯ ಮೇಲೆಯೇ ಸಿಲುಕಿಸಿ, ವಿಭಜನೆಗೆ ಹೊರಟ ಕೋಶವನ್ನು ಕೆಡಹುತ್ತದೆಂಬುದು 1985ರಲ್ಲಿ ತಿಳಿದುಬಂದ ಮೇಲೆ ಆಸಕ್ತಿ ಮರಳಿತು. ಅಣುವಿನ ರಚನೆಯನ್ನು ತಿದ್ದಿ ಸಿದ್ಧಪಡಿಸಿದ ಟೋಪೊಟಿಕಾನ್ ಅಂಡಾಶಯದ ಕ್ಯಾನ್ಸರಿಗೂ ಇರಿನೊಟಿಕಾನ್ ದೊಡ್ಡ ಕರುಳಿನ ಕ್ಯಾನ್ಸರಿಗೂ ಔಷಧಗಳೆಂದು ಅಮೆರಿಕದಲ್ಲಿ ಒಪ್ಪಿಗೆ ಪಡೆದುದು 1996ರಲ್ಲಿ. ಸಾಮರ್ಥ್ಯವು ಔಷಧವಾಗಲು ಮೂವತ್ತು ವರ್ಷ!

ಔಷಧಕ್ಕೆ ಬೇಡಿಕೆ ಏರಿದಂತೆ ಮರಕ್ಕೆ ಕೊಡಲಿ ಬಿತ್ತು. ಎಲೆಗಿಂತ ಬೇರು ಕಾಂಡಗಳಲ್ಲಿ ಆ ಅಂಶ ಹೆಚ್ಚು. ಆದುದರಿಂದ ಎಲೆ ಕೊಯ್ದು ಮರವನ್ನು ಉಳಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ನರಕ್ಯಾವನ್ನು ಬುಡಸಹಿತ ಕಿತ್ತು ಸಾಗಿಸಿದರು.