ಅಂಗಳದ ಅನಾನಸು: ನೀರು ಕಡಿಮೆ, ನಿಗಾ ಹೆಚ್ಚು



ಕಳೆದ ಬೇಸಗೆಯಲ್ಲಿ ನಮ್ಮ ಬ್ಲಾಕಿನ ಒಂದು ಹಳ್ಳಿಯ ತಾಯಿಯೊಬ್ಬರು ನನ್ನನ್ನು ಕರೆದು ಅಂಗಳದ ಅಂಚು ತೋರಿಸಿದರು. ನಾನೇ ತಂದುಕೊಟ್ಟಿದ್ದ 12 ಅನಾನಸು ಕಂದುಗಳಲ್ಲಿ 9 ಸತ್ತಿದ್ದವು. "ದಿನಾ ಬಾವಿಯಿಂದ ಹೊತ್ತು ತಂದು ನೀರು ಹಾಕಿದೆನಲ್ಲಪ್ಪಾ, ಆದರೂ ಹೋದವು" ಎಂದರು. ಜಾಗವೋ ಬಚ್ಚಲ ನೀರು ನಿಲ್ಲುವ ತಗ್ಗು. ಗಿಡ ಸತ್ತದ್ದು ಒಣಗಿ ಅಲ್ಲ, ಕೊಳೆತು. ನೆಡುವುದನ್ನು ಹೇಳಿ ನೀರಿನ ಅಳತೆ ಹೇಳದೆ ಬಂದದ್ದು ನನ್ನ ತಪ್ಪು. ನಿಮ್ಮ ಮನೆಯಲ್ಲಿ ಹಾಗಾಗದಿರಲೆಂದು ಈ ಪಾಠ.

ಗಿಡದ ಸ್ವಭಾವ: ಅನಾನಸಿನ ತವರು ದಕ್ಷಿಣ ಅಮೆರಿಕ. ಪೇಟೆಯವರು ಅಂದಕ್ಕಾಗಿ ಕುಂಡಗಳಲ್ಲಿ ಬೆಳೆಸುವ ಬ್ರೊಮೀಲಿಯಾಡ್ ಗಿಡಗಳೂ ಇದೇ ಕುಟುಂಬದವು. ಸುತ್ತ ಹರಡಿದ ಎಲೆಗಳು ಮಳೆಯನ್ನೂ ಇಬ್ಬನಿಯನ್ನೂ ಹಿಡಿದು ಬುಡಕ್ಕೆ ಇಳಿಸುತ್ತವೆ. ಎಲೆಯ ಸಣ್ಣ ರಂಧ್ರಗಳು ಹಗಲು ಬಹುಮಟ್ಟಿಗೆ ಮುಚ್ಚಿ ರಾತ್ರಿ ತೆರೆಯುವುದರಿಂದ ಒಳಗಿನ ನೀರು ಬಿಸಿಲಿಗೆ ಆರಿಹೋಗುವುದು ಕಡಿಮೆ. ಆದುದರಿಂದ ಇದು ಬರ ತಾಳುತ್ತದೆ. ನಿಂತ ನೀರನ್ನು ತಾಳದು.

ನೆಡುವ ಕ್ರಮ: ನೀರು ಬಸಿದುಹೋಗುವ ಎತ್ತರದ ಜಾಗ ಆರಿಸಿ. ಜೇಡಿಮಣ್ಣಾದರೆ ಏರುಮಡಿ ಮಾಡಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ. ತಾಯಿಗಿಡದ ಬುಡದ ಕಂದು ಉತ್ತಮ. ಹಣ್ಣಿನ ಜುಟ್ಟನ್ನೂ ನೆಡಬಹುದು, ಆದರೆ ಫಲ ತಡ. ಕೆಳಗಿನ ಒಣ ಎಲೆಗಳನ್ನು ಕಿತ್ತು, ಕಂದನ್ನು ಒಂದು ವಾರ ನೆರಳಿನಲ್ಲಿ ಆರಿಸಿ. ಬಳಿಕ 4 ಅಂಗುಲ ಆಳದಲ್ಲಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟು ನೆಡಿ. ನಡುಸುಳಿಯೊಳಗೆ ಮಣ್ಣು ಬೀಳಬಾರದು. ಜಡಿಮಳೆಯಲ್ಲಿ ನೆಡಬೇಡಿ. ಮಕ್ಕಳು ಓಡಾಡುವ ಅಂಗಳಕ್ಕೆ ಕ್ಯೂ ತಳಿ ಒಳ್ಳೆಯದು. ಅದರ ಎಲೆಯಂಚಿನಲ್ಲಿ ಮುಳ್ಳು ಬಹಳ ಕಡಿಮೆ.

ನೀರು: ಬೇರು ಹಿಡಿಯುವವರೆಗೆ ಮಣ್ಣು ತುಸು ತೇವವಿದ್ದರೆ ಸಾಕು. ಆಮೇಲೆ ಬೇಸಗೆಯಲ್ಲಿ 15 ದಿನಕ್ಕೊಮ್ಮೆ ಕೊಡಿ. ಕೊಡುವ ಮೊದಲು ಮಣ್ಣಿಗೆ ಬೆರಳು ಇಳಿಸಿ ನೋಡಿ. ಒಳಗೆ ತಂಪಿದ್ದರೆ ಆ ದಿನ ಬೇಡ. ಬುಡಕ್ಕೆ ಒಣ ತರಗೆಲೆ ಹೊದಿಸಿದರೆ ತೇವ ಉಳಿಯುತ್ತದೆ.

ಕೊಳೆ ರೋಗ: ನಡುವಿನ ಎಲೆಯನ್ನು ಮೆಲ್ಲನೆ ಎಳೆಯಿರಿ. ಸಲೀಸಾಗಿ ಕಿತ್ತುಬಂದು ಬುಡ ಕೊಳೆತು ನಾರಿದರೆ ಸುಳಿಕೊಳೆ ಎಂದು ತಿಳಿಯಿರಿ. ಅಂಥ ಗಿಡವನ್ನು ಕಿತ್ತು ದೂರ ಹಾಕಿ, ಉಳಿದವುಗಳ ಬಳಿ ಕಾಲುವೆ ತೆಗೆದು ನೀರು ಹೊರಹರಿಸಿ. ಬುಡದಲ್ಲಿ ಇರುವೆ ಸಾಲುಗಟ್ಟಿದರೆ ಬಿಳಿ ಹಿಟ್ಟುತಿಗಣೆ ಇದೆಯೇ ನೋಡಿ. ಇರುವೆಗಳೇ ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತವೆ.

ಚೆನ್ನಾಗಿ ಬೆಳೆದ ಕಂದು ಸಾಮಾನ್ಯವಾಗಿ 12ರಿಂದ 15 ತಿಂಗಳಲ್ಲಿ ಹೂ ಬಿಡುತ್ತದೆ. ಆಮೇಲೆ ಸುಮಾರು 5 ತಿಂಗಳಿಗೆ ಹಣ್ಣು. ಹಣ್ಣು ಕೊಯ್ದ ಬಳಿಕ ಬುಡದಲ್ಲಿ ಒಂದೆರಡು ಕಂದು ಉಳಿಸಿ, ಮಿಕ್ಕವನ್ನು ನೆರೆಯವರಿಗೆ ಕೊಡಿ.

ಆ ತಾಯಿಯ ಮನೆಯಲ್ಲಿ ಉಳಿದ ಮೂರು ಗಿಡಗಳನ್ನು ಏರುಮಡಿಗೆ ಬದಲಿಸಿದೆವು. ಮೂರೂ ಹೊಸ ಸುಳಿ ಬಿಟ್ಟಿವೆ. ಮುಂದಿನ ಕಂದು ಅವರ ಅಂಗಳದಿಂದಲೇ ಊರಿಗೆ ಸಿಗಲಿದೆ. ನಿಮ್ಮ ಗಿಡದಲ್ಲಿ ಸಂದೇಹ ಕಂಡರೆ ಸಾಯುವವರೆಗೆ ಕಾಯಬೇಡಿ. ನಾನು ಊರಿಗೆ ಬಂದಾಗ ಕರೆದು ತೋರಿಸಿ.

ನಿಮ್ಮ ಗ್ರಾಮಸೇವಕ