ವಾಯುಪಡೆಯ ಸೇವಾದಾಖಲೆ: ಶೋಧ ಮತ್ತು ಓದು
(ಭೀಮರಾಯನಗುಡಿ ಪರಿಸರವನ್ನು ಅನುಲಕ್ಷಿಸಿ)

ಯುದ್ಧಕಾಲದಲ್ಲಿ ಮನೆಯ ಹಿರಿಯರೊಬ್ಬರು ವಾಯುಪಡೆಯಲ್ಲಿದ್ದರು ಎಂಬ ನೆನಪು ಸಾಮಾನ್ಯವಾಗಿ ಒಂದು ಛಾಯಾಚಿತ್ರ, ಒಂದೆರಡು ಪದಕ, ಮಾಸಿದ ಬಿಡುಗಡೆ ಪತ್ರ ಇವುಗಳ ಮೇಲೆ ನಿಂತಿರುತ್ತದೆ. ಆ ನೆನಪಿಗೆ ಆಧಾರವನ್ನು ಅರಸಿ ಹೊರಟವರಿಗೆ ಎರಡು ತೊಡಕುಗಳು ಎದುರಾಗುತ್ತವೆ. ದಾಖಲೆಯನ್ನು ಪಡೆಯುವುದು ಮೊದಲನೆಯದು. ಪಡೆದುದನ್ನು ಓದುವುದು ಎರಡನೆಯದು. ಮೊದಲನೆಯದಕ್ಕೆ ಕಾನೂನಿನ ಮಾರ್ಗವುಂಟು. ಎರಡನೆಯದಕ್ಕೆ ಬೇಕಾದುದು ಪಠ್ಯವಿವೇಕ. ಹಸ್ತಪ್ರತಿಯೊಂದರ ಪಾಠವನ್ನು ಅದೊಂದರಿಂದಲೇ ನಿರ್ಣಯಿಸಲಾಗದು ಎಂಬುದು ಗ್ರಂಥಸಂಪಾದನೆಯ ಪ್ರಾಥಮಿಕ ತತ್ತ್ವ. ಸೇವಾದಾಖಲೆಗೂ ಈ ತತ್ತ್ವ ಅನ್ವಯಿಸುತ್ತದೆ ಎಂಬುದನ್ನು ಪ್ರಸ್ತುತ ಲೇಖನವು ಪ್ರತಿಪಾದಿಸುತ್ತದೆ.

ಹೆಸರು, ಊರು, ಕಾಲ

ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಪ್ರದೇಶಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಜಾಮರ ಹೈದರಾಬಾದು ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಗುಲ್ಬರ್ಗಾ ಕಲಬುರಗಿಯಾದದ್ದು 2014ರಲ್ಲಿ. ಭೀಮರಾಯನಗುಡಿಯ ಇಂದಿನ ವಸತಿಯಾದರೋ ಕೃಷ್ಣಾ ಮೇಲ್ದಂಡೆ ಯೋಜನೆಯ ನಿಮಿತ್ತ ಬೆಳೆದದ್ದು. ಆ ಯೋಜನೆಗೆ ಶಂಕುಸ್ಥಾಪನೆಯಾದದ್ದೇ 1964ರಲ್ಲಿ. ಆದ್ದರಿಂದ ಇಲ್ಲಿ ವಾಸಿಸುವ ಕುಟುಂಬದ ಈಗಿನ ವಿಳಾಸವನ್ನು 1940ರ ದಶಕದ ಕಡತದಲ್ಲಿ ನಿರೀಕ್ಷಿಸುವಂತಿಲ್ಲ. ಸೈನಿಕನು ಭರ್ತಿಯಾದಾಗ ಬರೆಯಿಸಿದ ಊರು, ತಾಲ್ಲೂಕು, ಸಂಸ್ಥಾನಗಳೇ ಶೋಧದ ಕೀಲಿಗಳು.

ಆ ಊರಿನ ಹೆಸರೂ ಇಂದಿನ ರೂಪದಲ್ಲಿ ಇರುವುದಿಲ್ಲ. ಸುರಪುರವು ಆಂಗ್ಲ ಬರಹದಲ್ಲಿ ‘ಶೋರಾಪುರ’ವಾಗಿತ್ತು. ವ್ಯಕ್ತಿನಾಮಗಳ ಸ್ಥಿತಿಯೂ ಇದೇ. ಈ ಭಾಗದ ‘ಹಣಮಂತ’ನು ಗುಮಾಸ್ತನ ಲೇಖನಿಯಲ್ಲಿ ‘ಹನುಮಂತ’ ಅಥವಾ ‘ಹನ್ಮಂತ್’ ಆಗಬಹುದು. ‘ಭೀಮರಾಯ ತಂದೆ ಮಲ್ಲಪ್ಪ’ ಎಂಬ ಸ್ಥಳೀಯ ಕ್ರಮದಲ್ಲಿ ತಂದೆಯ ಹೆಸರೇ ಕುಲನಾಮದ ಸ್ಥಾನಕ್ಕೆ ಬಂದು, ಕಡತವು ‘ಮಲ್ಲಪ್ಪ’ನ ಹೆಸರಿನ ಅಡಿಯಲ್ಲಿ ಸೇರಿರಬಹುದು. ಹೀಗಾಗಿ ಸಂಭವನೀಯ ಕಾಗುಣಿತಗಳೆಲ್ಲವನ್ನೂ ಮೊದಲೇ ಪಟ್ಟಿಮಾಡಿಕೊಳ್ಳುವುದು ಅವಶ್ಯ. ಸೇವಾಸಂಖ್ಯೆ ದೊರೆತರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ. ಬಿಡುಗಡೆ ಪತ್ರ, ವೇತನ ಪುಸ್ತಕ, ಪಿಂಚಣಿ ಕಾಗದ, ಹಳೆಯ ಪತ್ರಗಳ ಲಕೋಟೆ ಇವುಗಳಲ್ಲಿ ಅದನ್ನು ಹುಡುಕಬೇಕು.

ಕಾಲನಿರ್ಣಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಹೈದರಾಬಾದು ಸಂಸ್ಥಾನದ ಶಾಲಾ ಹಾಗೂ ಕಂದಾಯ ಕಾಗದಗಳು ಬಹುಮಟ್ಟಿಗೆ ಉರ್ದುವಿನಲ್ಲಿದ್ದು ಫಸಲಿ ವರ್ಷವನ್ನು ಬಳಸುತ್ತವೆ. ಅಲ್ಲಿ ಫಸಲಿ ವರ್ಷವು ಅಕ್ಟೋಬರಿನಲ್ಲಿ ಆಜೂರ್ ಮಾಸದಿಂದ ಆರಂಭವಾಗುತ್ತಿತ್ತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ದಿನಾಂಕಕ್ಕೆ 590ನ್ನೂ, ಜನವರಿಯ ಅನಂತರದ ದಿನಾಂಕಕ್ಕೆ 591ನ್ನೂ ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಫಸಲಿ 1352 ಎಂದರೆ 1942ರ ಅಕ್ಟೋಬರಿನಿಂದ ಮುಂದಿನ ಒಂದು ವರ್ಷದ ಅವಧಿ. ಶಾಲಾ ದಾಖಲೆಯ ಜನ್ಮವರ್ಷಕ್ಕೂ ಸೇವಾದಾಖಲೆಯ ಜನ್ಮವರ್ಷಕ್ಕೂ ಒಂದು ವರ್ಷದ ಅಂತರ ಕಂಡಾಗ, ಇಬ್ಬರೂ ಬೇರೆ ವ್ಯಕ್ತಿಗಳೆಂದು ತೀರ್ಮಾನಿಸುವ ಮುನ್ನ ಈ ಲೆಕ್ಕವನ್ನು ಪರಿಶೀಲಿಸಬೇಕು.

ಯಾವ ಪಡೆ?

ಭಾರತೀಯ ವಾಯುಪಡೆ ಸ್ಥಾಪನೆಯಾದದ್ದು 1932ರ ಅಕ್ಟೋಬರ್ 8ರಂದು. 1939ರಲ್ಲಿ ಯುದ್ಧ ಆರಂಭವಾದಾಗ ಅದರಲ್ಲಿದ್ದುದು ಒಂದೇ ಸ್ಕ್ವಾಡ್ರನ್. ಯುದ್ಧದ ಅಂತ್ಯಕ್ಕೆ ಒಂಬತ್ತು. 1945ರ ಮಾರ್ಚಿನಲ್ಲಿ ‘ರಾಯಲ್’ ಎಂಬ ವಿಶೇಷಣ ಸೇರಿತು. 1950ರ ಜನವರಿಯಲ್ಲಿ ಭಾರತ ಗಣರಾಜ್ಯವಾದಾಗ ಅದು ಕಳಚಿತು. ಆದಕಾರಣ ಮುದ್ರೆಯಲ್ಲಿ ‘ರಾಯಲ್’ ಎಂದಿದ್ದ ಮಾತ್ರಕ್ಕೆ ವ್ಯಕ್ತಿಯು ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನಲ್ಲಿದ್ದನೆಂದು ತಿಳಿಯುವುದು ತಪ್ಪಾಗುತ್ತದೆ. ‘ರಾಯಲ್ ಇಂಡಿಯನ್ ಏರ್ ಫೋರ್ಸ್’ ಎಂಬ ಪೂರ್ಣರೂಪವು ಆ ಐದು ವರ್ಷಗಳ ಭಾರತೀಯ ಪಡೆಯನ್ನೇ ಸೂಚಿಸುತ್ತದೆ.

ಹೈದರಾಬಾದಿನ ಹೆಸರೂ ಇದೇ ಬಗೆಯ ಭ್ರಮೆಗೆ ಎಡೆಗೊಡುತ್ತದೆ. ರಾಯಲ್ ಏರ್ ಫೋರ್ಸಿನ 110, 152 ಮತ್ತು 253ನೆಯ ಸ್ಕ್ವಾಡ್ರನ್‌ಗಳು ನಿಜಾಮರ ಧನಸಹಾಯದ ಸ್ಮರಣಾರ್ಥ ‘ಹೈದರಾಬಾದ್’ ಎಂಬ ಹೆಸರನ್ನು ಧರಿಸಿದ್ದವು. ಇವು ಬ್ರಿಟಿಷ್ ಘಟಕಗಳೇ ಹೊರತು ಸಂಸ್ಥಾನದ ಪ್ರಜೆಗಳಿಂದ ಕಟ್ಟಿದ ಪಡೆಗಳಲ್ಲ. ಸಂಸ್ಥಾನದ ಪ್ರಜೆಗಳು ಭಾರತೀಯ ವಾಯುಪಡೆಗೆ ಸೇರಿದುದಕ್ಕೆ ನಿದರ್ಶನಗಳುಂಟು. ಹೈದರಾಬಾದಿನಲ್ಲಿ ಜನಿಸಿದ ಇದ್ರಿಸ್ ಹಸನ್ ಲತೀಫ್ ಅವರು ಯುದ್ಧಕಾಲದಲ್ಲಿ ಈ ಪಡೆಯನ್ನು ಸೇರಿ, 1978ರಿಂದ 1981ರವರೆಗೆ ಅದರ ಮುಖ್ಯಸ್ಥರಾಗಿದ್ದರು.

ಅರ್ಜಿಯ ಮಾರ್ಗ

ಭಾರತೀಯ ವಾಯುಪಡೆಯ ಏರ್‌ಮನ್ ದರ್ಜೆಯವರ ದಾಖಲೆಗಳ ಹೊಣೆ ನವದೆಹಲಿಯ ಸುಬ್ರತೊ ಪಾರ್ಕಿನಲ್ಲಿರುವ ವಾಯುಪಡೆಯ ದಾಖಲೆ ಕಚೇರಿಯದು. ಅಧಿಕಾರಿಗಳ ದಾಖಲೆಗಳಿಗೆ ವಾಯುಸೇನಾ ಮುಖ್ಯ ಕಚೇರಿಯನ್ನು ಸಂಪರ್ಕಿಸಬೇಕು. ಬ್ರಿಟಿಷ್ ಪಡೆಯಲ್ಲಿದ್ದವರ ದಾಖಲೆಗಳು ಬ್ರಿಟನ್ನಿನಲ್ಲಿವೆ. ಅಲ್ಲಿನ ರಕ್ಷಣಾ ಸಚಿವಾಲಯವು 2022ರಿಂದ ತನ್ನ ಸೇವಾದಾಖಲೆಗಳನ್ನು ಹಂತಹಂತವಾಗಿ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರಕ್ಕೆ ವರ್ಗಾಯಿಸುತ್ತಿದೆ. 1947ರ ಆಗಸ್ಟಿನಲ್ಲಿ ಪಡೆಯೇ ಎರಡಾಗಿ ಹಂಚಿಹೋದುದರಿಂದ, ಪಾಕಿಸ್ತಾನವನ್ನು ಆಯ್ದುಕೊಂಡವರ ಮುಂದಿನ ಸೇವೆಯ ವಿವರವನ್ನು ದೆಹಲಿಯಲ್ಲಿ ನಿರೀಕ್ಷಿಸಲಾಗದು.

ಮೊದಲು ಸಂಬಂಧಪಟ್ಟ ಕಚೇರಿಗೆ ನೇರವಾಗಿ ಮನವಿ ಸಲ್ಲಿಸುವುದು ಉಚಿತ. ಮರಣ ಪ್ರಮಾಣಪತ್ರ, ವಂಶವೃಕ್ಷ ಅಥವಾ ಉತ್ತರಾಧಿಕಾರದ ದಾಖಲೆ, ಅರ್ಜಿದಾರರ ಗುರುತಿನ ಪತ್ರ ಇವುಗಳ ಪ್ರತಿಗಳು ಜೊತೆಗಿರಬೇಕು. ಇದರಿಂದ ಫಲ ದೊರೆಯದಿದ್ದಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮವನ್ನು ಆಶ್ರಯಿಸಬಹುದು. ಶುಲ್ಕ 10 ರೂಪಾಯಿ. ಉತ್ತರಕ್ಕೆ ಸಾಮಾನ್ಯ ಗಡುವು 30 ದಿನ. ಅಧಿನಿಯಮದ 6ನೆಯ ಪ್ರಕರಣವು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಸಲ್ಲಿಸುವ ಪ್ರದೇಶದ ಆಡಳಿತ ಭಾಷೆಯಲ್ಲಿ ಅರ್ಜಿ ಸಲ್ಲಿಸಲು ಅವಕಾಶ ನೀಡುತ್ತದೆ. ಅಂದರೆ ಭೀಮರಾಯನಗುಡಿಯಿಂದ ಕನ್ನಡದಲ್ಲಿಯೇ ಬರೆಯಬಹುದು. ಹೆಸರು ಮತ್ತು ಊರುಗಳ ಆಂಗ್ಲ ಕಾಗುಣಿತಗಳನ್ನು ಮಾತ್ರ ಲಗತ್ತಿಸಬೇಕು.

ವೈಯಕ್ತಿಕ ಮಾಹಿತಿ ಎಂಬ ಕಾರಣದಿಂದ ನಿರಾಕರಣೆ ಬಂದಾಗ 8ನೆಯ ಪ್ರಕರಣದ 3ನೆಯ ಉಪಪ್ರಕರಣವನ್ನು ಗಮನಿಸಬೇಕು. ಕೋರಿಕೆಯ ದಿನಕ್ಕಿಂತ 20 ವರ್ಷ ಹಿಂದೆ ನಡೆದ ಸಂಗತಿಗಳ ಮಾಹಿತಿಯನ್ನು, ದೇಶದ ಭದ್ರತೆ, ಶಾಸನಸಭೆಯ ಹಕ್ಕು, ಮಂತ್ರಿಮಂಡಲದ ಕಾಗದಪತ್ರ ಇವುಗಳಿಗೆ ಸಂಬಂಧಿಸಿದ ವಿನಾಯಿತಿಗಳಿಗೆ ಒಳಪಟ್ಟು, ನೀಡಬೇಕೆಂದು ಅದು ವಿಧಿಸುತ್ತದೆ. ಮೊದಲ ಮೇಲ್ಮನವಿಯನ್ನು 30 ದಿನಗಳೊಳಗೆ ಸಲ್ಲಿಸಬೇಕು. ಪ್ರಶ್ನೆಯನ್ನು ರೂಪಿಸುವ ಬಗೆಯೂ ಮುಖ್ಯ. ‘ಅಜ್ಜನ ಬಗ್ಗೆ ಮಾಹಿತಿ ಕೊಡಿ’ ಎಂಬುದಕ್ಕಿಂತ, ಸೇವಾಪುಸ್ತಕದ ಪ್ರತಿ, ನಿಯೋಜನೆಗೊಂಡ ಘಟಕಗಳ ಪಟ್ಟಿ, ಪದಕಗಳ ವಿವರ, ಬಿಡುಗಡೆಯ ಕಾರಣ ಎಂದು ಬಿಡಿಸಿ ಕೇಳುವುದು ಲೇಸು. ಕಡತವು ಉಳಿದಿದೆಯೇ, ಬೇರೆಡೆಗೆ ವರ್ಗವಾಗಿದೆಯೇ, ನಾಶವಾಗಿದೆಯೇ ಎಂಬುದನ್ನೂ ಲಿಖಿತವಾಗಿ ಕೇಳಬೇಕು.

ದಾಖಲೆಯ ಭಾಷೆ

ಕೈಸೇರಿದ ಪ್ರತಿಯು ಸಂಕ್ಷಿಪ್ತಾಕ್ಷರಗಳಿಂದ ತುಂಬಿರುತ್ತದೆ. ‘ಟಿ.ಒ.ಎಸ್.’ ಎಂದರೆ ಘಟಕದ ಬಲಕ್ಕೆ ಸೇರಿಸಿಕೊಂಡದ್ದು, ‘ಎಸ್.ಒ.ಎಸ್.’ ಎಂದರೆ ಆ ಬಲದಿಂದ ತೆಗೆದದ್ದು. ಎರಡನೆಯದನ್ನು ಅಪಾಯದ ಕರೆಯೆಂದಾಗಲಿ, ಶಿಕ್ಷೆಯೆಂದಾಗಲಿ ಅರ್ಥೈಸಬಾರದು. ವರ್ಗಾವಣೆಯಾದ ಪ್ರತಿಯೊಬ್ಬನ ಹಾಳೆಯಲ್ಲಿಯೂ ಅದು ಇರುತ್ತದೆ. ‘ಎ.ಸಿ.2’, ‘ಎ.ಸಿ.1’, ‘ಎಲ್.ಎ.ಸಿ.’ ಎಂಬುವು ಏರ್‌ಕ್ರಾಫ್ಟ್‌ಮನ್ ಶ್ರೇಣಿಯ ಏರುಕ್ರಮದ ಮೆಟ್ಟಿಲುಗಳು. ಶೀಲದ ಅಂಕಣದ ‘ವಿ.ಜಿ.’ ಎಂಬುದು ‘ಬಹಳ ಉತ್ತಮ’ ಎಂಬುದರ ಗುರುತು. ಯುದ್ಧಾನಂತರದ ‘ಡಿಸ್‌ಚಾರ್ಜ್’ ಎಂಬುದು ವಜಾ ಅಲ್ಲ. ಪಡೆಯ ಗಾತ್ರ ಕುಗ್ಗಿದಾಗ ಅಸಂಖ್ಯ ಮಂದಿ ಹೀಗೆಯೇ ಬಿಡುಗಡೆ ಹೊಂದಿದರು.

ವಾಯುಪಡೆಯಲ್ಲಿದ್ದವರೆಲ್ಲರೂ ವಿಮಾನ ಹಾರಿಸಿದವರಲ್ಲ ಎಂಬುದೂ ಸ್ಮರಣೀಯ. ಫಿಟ್ಟರ್, ರಿಗ್ಗರ್, ಆರ್ಮರರ್, ವೈರ್‌ಲೆಸ್ ಆಪರೇಟರ್ ಮೊದಲಾದ ಕಸುಬಿನವರೇ ಬಹುಸಂಖ್ಯಾತರು. ಮನೆಯ ಮಾತಿನಲ್ಲಿ ‘ಪೈಲಟ್’ ಆದವರು ಕಡತದಲ್ಲಿ ಫಿಟ್ಟರ್ ಆಗಿ ಕಂಡರೆ ಅದರಿಂದ ಅವರ ಘನತೆಗೆ ಕುಂದಿಲ್ಲ. ಎಂಜಿನನ್ನು ಸಜ್ಜುಗೊಳಿಸಿದ ಆ ಕೈಗಳಿಲ್ಲದೆ ಯಾವ ವಿಮಾನವೂ ಮೇಲೇರುತ್ತಿರಲಿಲ್ಲ. ಪದಕಗಳೂ ಇದೇ ರೀತಿ ಸಾಕ್ಷ್ಯ ನುಡಿಯುತ್ತವೆ. ‘ಬರ್ಮಾ ಸ್ಟಾರ್’ ಪದಕವು 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗಿನ ಬರ್ಮಾ ರಣರಂಗದ ಸೇವೆಗೆ ಸಂಬಂಧಿಸಿದ್ದು. ‘ಇಂಡಿಯಾ ಸರ್ವಿಸ್ ಮೆಡಲ್’ ಭಾರತೀಯ ಪಡೆಗಳಲ್ಲಿನ ಮೂರು ವರ್ಷಗಳ ಸೇವೆಗೆ ಸಲ್ಲುತ್ತಿದ್ದುದು. ಮೊದಲನೆಯದು ಇಲ್ಲದೆ ಎರಡನೆಯದಷ್ಟೇ ಇದ್ದಲ್ಲಿ, ಬರ್ಮಾದ ಕಥನವನ್ನು ಇನ್ನೊಂದು ಆಧಾರವಿಲ್ಲದೆ ಒಪ್ಪಲಾಗದು.

ವೈಯಕ್ತಿಕ ಹಾಳೆಯು ವ್ಯಕ್ತಿ ಎಲ್ಲಿದ್ದನೆಂಬುದನ್ನು ಹೇಳುತ್ತದೆಯೇ ಹೊರತು ಅಲ್ಲಿ ಏನು ನಡೆಯಿತೆಂಬುದನ್ನು ಹೇಳುವುದಿಲ್ಲ. ಅದಕ್ಕೆ ಘಟಕದ ಕಾರ್ಯಾಚರಣಾ ದಿನಚರಿಯನ್ನು ನೋಡಬೇಕು. ಬ್ರಿಟಿಷ್ ಸ್ಕ್ವಾಡ್ರನ್‌ಗಳ ದಿನಚರಿಗಳು ಕ್ಯೂ ಪತ್ರಾಗಾರದ ‘ಎ.ಐ.ಆರ್. 27’ ಎಂಬ ಶ್ರೇಣಿಯಲ್ಲಿವೆ. ಭಾರತೀಯ ಪಡೆಯ ಮಟ್ಟಿಗೆ, ಎಸ್. ಸಿ. ಗುಪ್ತ ಅವರು ರಚಿಸಿ 1961ರಲ್ಲಿ ಪ್ರಕಟವಾದ 1933–45ರ ಅಧಿಕೃತ ಇತಿಹಾಸವು ಸ್ಥೂಲ ಚೌಕಟ್ಟನ್ನು ಒದಗಿಸುತ್ತದೆ. ಮಡಿದವರ ಹೆಸರುಗಳು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ದೊರೆಯುತ್ತವೆ. ದಕ್ಷಿಣ ಹಾಗೂ ಪೂರ್ವ ಏಷ್ಯಾದಲ್ಲಿ ಸಮಾಧಿಯೇ ಇಲ್ಲದೆ ಹೋದ ವಾಯುಯೋಧರ ಹೆಸರುಗಳನ್ನು ಸಿಂಗಪುರದ ಕ್ರಾಂಜಿಯ ಸ್ಮಾರಕದಲ್ಲಿ ಕೆತ್ತಲಾಗಿದೆ.

‘ಕಾಣೆ’ ಎಂಬ ನಮೂದು

ಒಂದು ಪಕ್ಷದ ಕಾಗದವನ್ನಷ್ಟೇ ನೆಚ್ಚಿದರೆ ಸತ್ಯವು ಎಷ್ಟು ಕಾಲ ಮರೆಯಲ್ಲಿರಬಲ್ಲುದು ಎಂಬುದಕ್ಕೆ ಕರ್ನಾಟಕದ್ದೇ ಆದ ನಿದರ್ಶನವೊಂದಿದೆ. ಅದು ಮಹಾಯುದ್ಧದ್ದಲ್ಲ, 1965ರ ಭಾರತ–ಪಾಕಿಸ್ತಾನ ಯುದ್ಧದ್ದು. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು ವಾಯುಪಡೆಯ 1ನೆಯ ಸ್ಕ್ವಾಡ್ರನ್ನಿನಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು. 1965ರ ಸೆಪ್ಟೆಂಬರ್ 7ರ ಬೆಳಗಿನಲ್ಲಿ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ತೇರ್ ವಿಮಾನಗಳ ತಂಡಕ್ಕೆ ಅವರು ಕಾಯ್ದಿರಿಸಿದ ಚಾಲಕರಾಗಿ ಸೇರಿದ್ದರು. ಅವರು ಮರಳಲಿಲ್ಲ. ಅವರ ಗತಿಯನ್ನು ಕಂಡವರು ತಂಡದಲ್ಲಿರಲಿಲ್ಲವಾಗಿ ಭಾರತದ ದಾಖಲೆಯಲ್ಲಿ ಅವರು ‘ಕಾಣೆ’ಯಾದರು.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ ಬರೆದ ಗ್ರಂಥವು ಪ್ರಕಟವಾಯಿತು. ಆ ದಿನ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಮಿಸ್ತೇರ್ ಒಂದರೊಡನೆ ನಡೆದ ಕಾಳಗದಲ್ಲಿ ನಾಶವಾದುದು ಅದರಿಂದ ಹೊರಬಂದಿತು. ವೇಗದಲ್ಲಿಯೂ ಶಸ್ತ್ರದಲ್ಲಿಯೂ ಹಿಂದಿದ್ದ ವಿಮಾನದಿಂದ ಈ ಕಾಳಗ ನಡೆಸಿದವರು ಯಾರು? ಉಳಿದವರೆಲ್ಲರ ಲೆಕ್ಕ ಸಿಕ್ಕಿದ್ದುದರಿಂದ ಅವರು ದೇವಯ್ಯನವರೇ ಆಗಿರಬೇಕಿತ್ತು. ಆ ದಾಳಿಯ ಕಾಲದಲ್ಲಿ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದ ಒ. ಪಿ. ತನೇಜಾ ಅವರು ಈ ಸಂಗತಿಯನ್ನು ಬೆನ್ನುಹತ್ತಿದರು. 1988ರಲ್ಲಿ, ಅಂದರೆ ಘಟನೆಯ 23 ವರ್ಷಗಳ ಬಳಿಕ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಇಲ್ಲಿ ಭಾರತದ ದಾಖಲೆ ಸುಳ್ಳಾಡಿರಲಿಲ್ಲ. ಅದಕ್ಕೆ ತಿಳಿದಿದ್ದುದು ಅಷ್ಟೇ. ಎದುರು ಪಕ್ಷದ ದಾಖಲೆಗೆ ವಿಮಾನದ ನಷ್ಟ ತಿಳಿದಿತ್ತು. ಎರಡು ಪಾಠಗಳನ್ನು ಎದುರುಬದುರಾಗಿ ಇಟ್ಟಾಗ ಮಾತ್ರ ಮೂರನೆಯದಾದ ಸತ್ಯ ಗೋಚರಿಸಿತು. ಆ ಅವಧಿಯುದ್ದಕ್ಕೂ ಕುಟುಂಬವೊಂದು ‘ಕಾಣೆ’ ಎಂಬ ಒಂದೇ ಪದದೊಡನೆ ಬದುಕಬೇಕಾಯಿತು ಎಂಬುದನ್ನು ಮರೆಯಲಾಗದು.

ಸಮಾರೋಪ

ಸೇವಾದಾಖಲೆಯು ಸಂಸ್ಥೆಯು ತನ್ನ ವೇತನ, ವರ್ಗಾವಣೆ, ಪಿಂಚಣಿಗಳ ಅನುಕೂಲಕ್ಕಾಗಿ ಬರೆದುಕೊಂಡ ಪಠ್ಯ, ಜೀವನಚರಿತ್ರೆಯಲ್ಲ. ಮನೆಯ ನೆನಪು ಪ್ರೀತಿಯಿಂದ ಹಿಗ್ಗಿಸಿದ್ದನ್ನು ಅದು ತಗ್ಗಿಸಬಹುದು. ಮನೆಯವರಿಗೆ ತಿಳಿದಿರದ ಸಾಹಸವನ್ನೂ ತೋರಿಸಬಹುದು. ಅದು ಮೌನವಹಿಸಿದೆಡೆ ಏನೂ ನಡೆಯಲಿಲ್ಲವೆಂದು ತಿಳಿಯಬಾರದು. ಮನೆಯ ಕಾಗದ, ಸಂಸ್ಥಾನದ ಉರ್ದು ದಾಖಲೆ, ದೆಹಲಿಯ ಕಡತ, ಘಟಕದ ದಿನಚರಿ, ಅಗತ್ಯವಾದೆಡೆ ಎದುರು ಪಕ್ಷದ ಬರಹ ಇವೆಲ್ಲವನ್ನೂ ಪಾಠಾಂತರಗಳಂತೆ ತಾಳೆನೋಡುವುದೇ ಸರಿಯಾದ ಕ್ರಮ. ಫಸಲಿ ಲೆಕ್ಕವನ್ನೂ ಹಳೆಯ ಉರ್ದು ಬರಹವನ್ನೂ ಬಲ್ಲ ಹಿರಿಯರು ಈ ಭಾಗದಲ್ಲಿ ವಿರಳವಾಗುತ್ತಿರುವುದರಿಂದ, ಶಹಾಪುರ–ಸುರಪುರ ಪರಿಸರದ ಮನೆಗಳಲ್ಲಿ ಉಳಿದಿರುವ ಇಂತಹ ಕಾಗದಗಳ ಓದು ವಿಳಂಬವಿಲ್ಲದೆ ನಡೆಯಬೇಕಾದ ಕಾರ್ಯವಾಗಿದೆ.