ಸೈಲೆನ್ಸರ್ ಬೋಲ್ಟ್ ಹಟ ಹಿಡಿದರೆ

ಪ್ರಶ್ನೆ: ಹಳೆಯ ಬೈಕ್ ಬಿಚ್ಚುವಾಗ ಸೈಲೆನ್ಸರ್ ಬೋಲ್ಟಿನ ತಲೆ ಸವೆದು ಸ್ಪ್ಯಾನರ್ ಜಾರುತ್ತಿದೆ. ಏನು ಮಾಡಲಿ?
– ಓದುಗರು, ಅರಕಲಗೂಡು

ಉತ್ತರ: ಇನ್ನು ಬಲ ಹಾಕಬೇಡಿ, ಬೋಲ್ಟ್ ಒಳಗೇ ಮುರಿದರೆ ಕೆಲಸ ದುಪ್ಪಟ್ಟಾಗುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಣ್ಣೆ ಒರೆಸಿ, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ. ಬಿಸಿಗೆ ಎಂಜಿನ್ನಿನ ಅಲ್ಯೂಮಿನಿಯಂ ಬೋಲ್ಟಿನ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ದಪ್ಪ ಕೈಗವಸು ತೊಟ್ಟು, ಆರು ಮೂಲೆಯ ಸಾಕೆಟ್ಟನ್ನು ಬಡಿದು ಬಿಗಿಯಾಗಿ ಕೂರಿಸಿ, ಕೊಂಚ ಬಿಗಿ, ಕೊಂಚ ಸಡಿಲ ಮಾಡುತ್ತಾ ತಿರುಗಿಸಿ. ಆಗಲೂ ಬಾರದಿದ್ದರೆ ಹಾಸನದಲ್ಲೋ ಹೊಳೆನರಸೀಪುರದಲ್ಲೋ ಒಳ್ಳೆಯ ವೆಲ್ಡರ್ ಹತ್ತಿರ ಒಯ್ದು, ತಲೆಗೆ ನಟ್ ವೆಲ್ಡ್ ಮಾಡಿಸಿ ಬಿಚ್ಚಿಸಿ. ಅದಕ್ಕೂ ಮೊದಲು ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ತೆಗೆಸಲೇಬೇಕು. ಮರಳಿ ಜೋಡಿಸುವಾಗ ಹೊಸ ಬೋಲ್ಟ್, ಹೊಸ ಗ್ಯಾಸ್ಕೆಟ್ ಹಾಕಿ. ಥ್ರೆಡ್ಡಿಗೆ ತಾಮ್ರದ ಗ್ರೀಸ್ ಸವರಿ.